ಗಯೆಯಲ್ಲಿ ಬಿಟ್ಟ ಬದನೆಕಾಯಿ

ಶ್ವೇತವರಾಹ ಕಲ್ಪದಲ್ಲಿ, ವೈವಸ್ವತ ಮನ್ವಂತರದಲ್ಲಿ, ಕಲಿಯುಗದ ಮೊದಲನೆಯ ಪಾದದಲ್ಲಿ, ಜಂಬೂದ್ವೀಪದ ಭರತಖಂಡದಲ್ಲಿ, ಗೋದಾವರಿಯ ದಕ್ಷಿಣ ತೀರದಲ್ಲಿ, ಹಿನ್ನೀರು ಹಳೆಯ ಊರಿನ ಅರ್ಧವನ್ನು ನುಂಗಿದ ಮೇಲೆ ಸರಕಾರವು ಗೆರೆ ಎಳೆದು ಕಟ್ಟಿಕೊಟ್ಟ ಬಾಗಲಕೋಟೆಯ ನವನಗರದಲ್ಲಿ, ಸೆಕ್ಟರ್ ನಂಬರ್ ಇಪ್ಪತ್ತಾರರಲ್ಲಿ, ನೀರಿನ ಟಾಕಿಯ ಹಿಂದಿನ ಮೂರನೆಯ ಮನೆಯ ಪಡಸಾಲೆಯಲ್ಲಿ ಒಂದು ಮಹಾಸಮರವು ನಡೆಯಿತು. ಆ ಸಮರದಲ್ಲಿ ಆನೆಗಳಿರಲಿಲ್ಲ, ಕುದುರೆಗಳಿರಲಿಲ್ಲ, ನಾಲ್ಕು ಮುತ್ತಲದೆಲೆಗಳಿದ್ದವು. ಶಂಖ ಮೊಳಗಲಿಲ್ಲ, ಒಳಗೆ ಕುಕ್ಕರು ಮೂರು ಸಲ ಕೂಗಿತು. ರಕ್ತ ಹರಿಯಲಿಲ್ಲ, ಎಣ್ಣೆ ಹರಿಯಿತು.

ಹೇ ಗದಾಧರನೇ, ಗಯಾಕ್ಷೇತ್ರನಿವಾಸಿಯೇ, ನಾಲಗೆಯನ್ನು ಮಾಡಿದವನೂ ನೀನು, ಬದನೆಕಾಯಿಯನ್ನು ಮಾಡಿದವನೂ ನೀನು, ಎರಡರ ನಡುವೆ ಮನುಷ್ಯನ ಮಾತೊಂದನ್ನು ಇಟ್ಟು ಮುಗುಳ್ನಗುವವನೂ ನೀನೇ. ಈ ಕಥೆಯನ್ನು ಹೇಳುವವರೆಗೆ ನನಗೆ ಉಸಿರು ಕೊಡು. ಓದುವವರಿಗೆ ಮಾತ್ರ, ಓದಿ ಮುಗಿಯುವ ತನಕ, ಹಸಿವು ಕೊಡಬೇಡ.

ಸಮರದ ನಾಯಕರು ಬಿಂದುಮಾಧವರಾಯರು. ಮೂವತ್ತಾರು ವರ್ಷ ಕನ್ನಡ ಶಾಲೆಗಳಲ್ಲಿ ಸಂಧಿಸಮಾಸಗಳೆಂಬ ದಿವ್ಯಾಸ್ತ್ರಗಳಿಂದ ಬಾಲಕಕೋಟಿಯನ್ನು ನಡುಗಿಸಿದವರು, ಸೀಮೆಸುಣ್ಣಧೂಳಿಧವಳಿತದಕ್ಷಿಣಹಸ್ತರು, ವೈದ್ಯದತ್ತದ್ವಿತೀಯದಂತಪಂಕ್ತಿವಿರಾಜಿತರು, ಸಿಟ್ಟು ಬಂದರೆ ಮಾತಿನ ನಡುವೆಯೇ ಊರ ಕನ್ನಡವನ್ನು ಬಿಟ್ಟು ಗ್ರಂಥಸ್ಥ ಕನ್ನಡಕ್ಕೆ ಏರಿಬಿಡುವವರು. ಊರವರ ಬಾಯಲ್ಲಿ ಬಿಂದಪ್ಪ ಮಾಸ್ತರರು. ಇಷ್ಟು ಬಿರುದುಗಳ ಜೊತೆಗೆ ಇನ್ನೊಂದು ಬಿರುದು ಅವರಿಗಿತ್ತು, ಈಗ ಇಲ್ಲ: ವೃಂತಾಕವಲ್ಲಭ. ವೃಂತಾಕವೆಂದರೆ ಬದನೆಕಾಯಿ.

ಅವರ ಹೆಂಡತಿ ಸುಭದ್ರಾಬಾಯಿಯವರು ಮೂವತ್ತೆಂಟು ವರ್ಷ ಅವರಿಗೆ ಎಣ್ಣೆಗಾಯಿ ಮಾಡಿ ಬಡಿಸಿದರು. ಮುಷ್ಟಿಯೊಳಗೆ ಹಿಡಿಯುವ ಮುಳ್ಳುತೊಟ್ಟಿನ ಎಳೆಯ ಕಾಯಿಗಳನ್ನು ನಾಲ್ಕಾಗಿ ಸೀಳಿ, ತೊಟ್ಟು ಮುರಿಯದಂತೆ, ಹುರಿದ ಗುರೆಳ್ಳು, ಶೇಂಗಾ, ಎಳ್ಳು, ಹುಣಸೆ, ಬೆಲ್ಲ ಇವುಗಳ ಹೂರಣ ತುಂಬಿ, ಸಣ್ಣ ಉರಿಯಲ್ಲಿ ಎಣ್ಣೆ ಮೇಲೆ ಬರುವ ತನಕ ಕಾಯುತ್ತಿದ್ದರು. ಹೋದ ವರ್ಷದ ಹಿಂದಿನ ವರ್ಷ ಅವರು ತೀರಿಕೊಂಡರು. ವರ್ಷಾಂತಿಕವಾದ ಮೇಲೆ ಮಾಸ್ತರರು ಕಾಶಿಗೆ ಹೋದರು, ಕಾಶಿಯಿಂದ ಗಯೆಗೆ ಹೋದರು.

ಗಯೆಗೆ ಹೋದವರು ಅಕ್ಷಯವಟದ ಬುಡದಲ್ಲಿ ಕಾರ್ಯ ಮುಗಿಸಿ, ತಮಗೆ ಪ್ರಿಯವಾದ ಒಂದು ಕಾಯಿಯನ್ನೋ ಹಣ್ಣನ್ನೋ ದೇವರ ಹೆಸರಿನಲ್ಲಿ ಬಿಟ್ಟುಬರುವುದು ಹಿರಿಯರಿಂದ ಬಂದ ಪದ್ಧತಿ. ಬಿಟ್ಟ ಮೇಲೆ ಉಸಿರಿರುವ ತನಕ ಅದನ್ನು ಬಾಯಿಗಿಡುವಂತಿಲ್ಲ. ಪ್ರಿಯವಾದದ್ದು ಎಂಬ ಮಾತನ್ನು ಮಾತ್ರ ಜನರು ತಮತಮಗೆ ತೋಚಿದಷ್ಟು ಸಡಿಲ ಮಾಡಿಕೊಂಡಿದ್ದಾರೆ. ಅಲ್ಲಿಯ ಪುರೋಹಿತನಾದ ಪಂಡಾ ಕೇಳಿದಾಗ ಮಾಸ್ತರರು ತಡವರಿಸದೆ "ಬದನೆಕಾಯಿ" ಎಂದರು.

ಅವರ ಹಿಂದೆ ನಿಂತಿದ್ದವರು ಅವರ ಷಡ್ಡಕ, ಎಂದರೆ ಸುಭದ್ರಾಬಾಯಿಯವರ ತಂಗಿಯ ಗಂಡ, ಪ್ರಹ್ಲಾದರಾಯರು. ಎಲ್ಲರೂ ಕರೆಯುವುದು ಪಲ್ಲಣ್ಣ ಎಂದು. ಅವರು ಮಾಸ್ತರರ ಕಿವಿಯ ಹತ್ತಿರ ಬಾಗಿ, "ಮಾಸ್ತರ, ವಿಚಾರ ಮಾಡಿ ಹೇಳ್ರಿ. ನಾವು ಬಾಗಲಕೋಟಿ ಮಂದಿ. ಬದನಿಕಾಯಿ ಬಿಟ್ಟು ಎಲ್ಲಿ ಉಣ್ಣಾವ್ರು?" ಎಂದರು.

"ವಿಚಾರ ಮಾಡೀನಿ," ಎಂದರು ಮಾಸ್ತರರು. "ಆಕಿ ಕೈಯಿಂದು ಮುಗೀತು. ಮತ್ತೊಬ್ಬರ ಕೈಯಿಂದು ನಾಲಿಗಿಗೆ ಹತ್ತಿದ್ರ ಆಕಿದು ಅಳಿಸಿ ಹೋಗ್ತದ. ಅದಕ್ಕ ದೇವರ ಹತ್ರ ಇಟ್ಟು ಹೋಗ್ತೀನಿ. ಅಂವಾ ಕಾಯ್ಲಿ."

ಹೀಗೆ ಪ್ರತಿಜ್ಞೆಯಾಯಿತು. ಅಂದು ಫಲ್ಗು ನದಿಯ ಮರಳು ಬಿಸಿಯಾಗಿತ್ತು. ದಿಕ್ಪಾಲಕರು ಹೂಮಳೆ ಸುರಿಸಲಿಲ್ಲ. ಪಂಡಾ ಮುಂದಿನವರನ್ನು ಕರೆದನು.

ಪ್ರತಿಜ್ಞೆ ಮಾಡುವುದು ಒಂದು ಗಳಿಗೆಯ ಕೆಲಸ. ಅನಂತರ ಬಂದ ನಾಲ್ಕು ತಿಂಗಳುಗಳ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಎದುರುಮನೆಯ ಒಗ್ಗರಣೆಯನ್ನು ಅವರು ಕಿಟಕಿ ಮುಚ್ಚಿ ಜಯಿಸಿದರು. ಸಂತೆಯಲ್ಲಿ ನೇರಳೆಬಣ್ಣದ ಗುಡ್ಡೆಗಳ ಮುಂದೆ ವಿಷ್ಣುಸಹಸ್ರನಾಮ ಹೇಳುತ್ತ ಹಾದುಹೋದರು. ಹೆಸರುಗಳು ಮುಗಿದರೂ ಸಾಲು ಮುಗಿಯದಿದ್ದಾಗ ಮೊದಲಿನಿಂದ ಹಿಡಿದರು. ಬೀಗರ ಮನೆಯ ಮುಂಜಿಯಲ್ಲಿ ಬದನೆಕಾಯಿ ಭರ್ತ ಬಂದಾಗ ಹೊಟ್ಟೆ ನೋವೆಂದು ಎದ್ದರು, ಮತ್ತು ದೇವರಿಗೆ ಕೊಟ್ಟ ಮಾತನ್ನು ಉಳಿಸಲು ಸುಳ್ಳು ಹೇಳಿದ ಪಾಪಕ್ಕಾಗಿ ಮರುದಿನ ಒಪ್ಪತ್ತು ಉಂಡರು. ಇವೆಲ್ಲ ಗಡಿಯ ಚಕಮಕಿಗಳು. ಮಹಾಯುದ್ಧವು ಷಡ್ಡಕರ ಮನೆಯಲ್ಲಿ ಕಾದಿತ್ತು.

ಪಲ್ಲಣ್ಣನವರ ಮಗಳು ಮಧುಮತಿ ಬಸುರಿ. ಐದನೆಯ ತಿಂಗಳು. ಆ ತಿಂಗಳಲ್ಲಿ ಊರಿಗೆಲ್ಲ ಹೇಳದೆ, ಮನೆಮಟ್ಟಿಗೆ, ಬಸುರಿಗೆ ಹೊಸ ಕುಬಸ ಕೊಟ್ಟು ಬಯಕೆಯ ಊಟ ಹಾಕುವುದುಂಟು; ಅದಕ್ಕೆ ಕಳ್ಳ ಕುಬಸವೆಂದು ಹೆಸರು. ಏನು ಬೇಕೆಂದು ತಾಯಿ ಕೇಳಿದರೆ, ಮಗಳು ಹೋಳಿಗೆಯನ್ನು ಕೇಳಲಿಲ್ಲ, ಶ್ರೀಖಂಡವನ್ನು ಕೇಳಲಿಲ್ಲ. "ದೊಡ್ಡವ್ವ ಮಾಡ್ತಿದ್ದಳಲ್ಲ, ಆ ಎಣ್ಣಿಗಾಯಿ. ಭಕ್ರಿ ಜೋಡಿ," ಎಂದಳು. ದೊಡ್ಡವ್ವನೆಂದರೆ ಸುಭದ್ರಾಬಾಯಿ. ತಾಯಿ ಸಿಂಧಕ್ಕ ತನ್ನ ಅಕ್ಕನಿಂದಲೇ ಅಡುಗೆ ಕಲಿತವಳು. ಅವಳು ಒಂದು ದಿನ ಮೊದಲೇ ಗುರೆಳ್ಳು ಆರಿಸಲು ಕುಳಿತಳು. ಮಾಸ್ತರರನ್ನು ಕರೆಯದೆ ಇರುವಂತಿರಲಿಲ್ಲ. ಕರೆದರೆ ಅವರು ಬರದೆ ಇರುವಂತಿರಲಿಲ್ಲ.

ಬಂದರು. ಶುಭ್ರ ಧೋತರ ಉಟ್ಟು, ಶಲ್ಯ ಹೊದ್ದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು, ಕಾಲಿಟ್ಟವರು ನಿಂತರು. ಒಳಗಿನಿಂದ ಒಂದು ಸುಗಂಧವು ಸೇನಾಪತಿಯಂತೆ ಎದುರು ಬಂದು ಅವರ ಎದೆಗೆ ನೇರವಾಗಿ ತಾಗಿತು. ಅದು ಬರಿಯ ಎಣ್ಣೆಗಾಯಿಯ ವಾಸನೆಯಾಗಿದ್ದರೆ ಅವರು ಶಲ್ಯವನ್ನು ಮೂಗಿಗೆ ಅಡ್ಡ ಹಿಡಿದು ಗೆಲ್ಲುತ್ತಿದ್ದರು. ಅದು ಅವರ ಮನೆಯ ವಾಸನೆಯಾಗಿತ್ತು. ಎರಡು ವರ್ಷಗಳಿಂದ ಅವರ ಮನೆಯಲ್ಲಿ ಇಲ್ಲದ ವಾಸನೆ.

"ಯಾಕ್ರಿ ಮಾಸ್ತರ, ಹೊಚ್ಚಲದಾಗ ನಿಂತ್ರಿ?" ಎಂದರು ಪಲ್ಲಣ್ಣ, ಆಗಲೇ ಮಣೆಯ ಮೇಲೆ ಕುಳಿತು. "ನರಸಿಂಹ ಆಗಾವ್ರಿದ್ದೀರೇನು?"

ಇಲ್ಲಿ ಪ್ರತಿನಾಯಕರ ವರ್ಣನೆ ಆಗಬೇಕು. ಪಲ್ಲಣ್ಣನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು; ಸಹಸ್ರವಕೀಲವಾದಶ್ರವಣಪರಿಪಕ್ವಕರ್ಣರು; ಯಾವ ಮಾತಿನಲ್ಲಿಯೂ ಹೊರಬೀಳುವ ಸಂದು ಎಲ್ಲಿದೆ ಎಂಬುದನ್ನು ಇಲಿಗಿಂತ ಬೇಗ ಕಂಡುಹಿಡಿಯುವವರು. ತಂದೆತಾಯಿಗಳು ಭಕ್ತಶ್ರೇಷ್ಠನ ಹೆಸರಿಟ್ಟಿದ್ದರು. ಹೆಸರು ತನ್ನ ಕೆಲಸ ತಾನು ಮಾಡಲಿಲ್ಲ. ಅವರಿಗೆ ಮಾಸ್ತರರ ಮೇಲೆ ದ್ವೇಷವೇನಿರಲಿಲ್ಲ. ಇಡೀ ಬಳಗದಲ್ಲಿ "ಮಾಸ್ತರ ನೋಡ್ರಿ, ಹ್ಯಾಂಗ ಮಾತು ನಡಸ್ಕೊಂಡು ಹೊಂಟಾರ" ಎಂದು ನಾಲ್ಕು ತಿಂಗಳಿಂದ ಕೇಳಿ ಕೇಳಿ ಅವರಿಗೆ ಸಾಕಾಗಿತ್ತು, ಅಷ್ಟೆ.

ಎಲೆ ಹಾಕಿದರು. ಮಧುಮತಿಯನ್ನು ಹೊಸ ಸೀರೆ ಉಡಿಸಿ ಎದುರಿಗೆ ಕೂಡ್ರಿಸಿದರು. ಅವಳ ಪಕ್ಕದಲ್ಲಿ ಅವಳ ಗಂಡ. ಈ ಕಡೆ ಷಡ್ಡಕರಿಬ್ಬರು. ಸಿಂಧಕ್ಕ ಬಡಿಸಲು ನಿಂತಳು. ಉಪ್ಪು ಬಂತು, ಕೋಸಂಬರಿ ಬಂತು, ಶೇಂಗಾ ಚಟ್ನಿ ಬಂತು, ಬಿಸಿ ಭಕ್ಕರಿ ಬಂತು. ಆಮೇಲೆ ಹಿತ್ತಾಳೆಯ ಪಾತ್ರೆಯಲ್ಲಿ, ಆವಿಯೆಂಬ ಛತ್ರವನ್ನು ಎತ್ತಿಸಿಕೊಂಡು, ತೊಟ್ಟುಗಳೆಂಬ ಕಿರೀಟಗಳನ್ನು ಒಂದೂ ಮುರಿಯದಂತೆ ಧರಿಸಿಕೊಂಡು, ತೈಲಸಮುದ್ರಮಧ್ಯದಲ್ಲಿ ಇಪ್ಪತ್ತೆರಡು ಬದನೆಕಾಯಿಗಳು ಆಗಮಿಸಿದವು. ಸಿಂಧಕ್ಕ ಮಾಸ್ತರರ ಎಲೆಯನ್ನು ದಾಟಿ ಹೋದಳು. ಅವಳಿಗೆ ಗೊತ್ತಿತ್ತು.

ಆದರೆ ಮಾಸ್ತರರು ಆ ಗಳಿಗೆಯಲ್ಲಿ ಎಲೆಯ ಸುತ್ತ ನೀರು ಕಟ್ಟಿ, ಆಪೋಶನ ತೆಗೆದುಕೊಂಡು, ಕಣ್ಣು ಮುಚ್ಚಿ ಗೋವಿಂದನನ್ನು ಸ್ಮರಿಸುತ್ತಿದ್ದರು. ಸಿಂಧಕ್ಕ ಪಾತ್ರೆಯನ್ನು ಕೆಳಗಿಟ್ಟು ಒಳಗೆ ಹೋದ ಆ ಸಂಧಿಕಾಲದಲ್ಲಿ ಪಲ್ಲಣ್ಣನವರು, ಇನ್ನೂ ಬಾಯಿಗೇನೂ ಇಟ್ಟಿರದ ಶುದ್ಧಹಸ್ತದಿಂದ, ಸೌಟು ಎತ್ತಿ ಎರಡು ಎಣ್ಣೆಗಾಯಿಗಳನ್ನು ಮಾಸ್ತರರ ಭಕ್ಕರಿಯ ಪಕ್ಕದಲ್ಲಿ ಇಳಿಸಿದರು. ಕಣ್ಣು ತೆರೆದಾಗ ಶತ್ರುವು ಕೋಟೆಯ ಒಳಗಿದ್ದನು.

"ಯಾರು ಬಡಿಸಿದ್ರು ಇದನ್ನ?"

"ದೇವರು ಬಡಿಸ್ಯಾನ," ಎಂದರು ಪಲ್ಲಣ್ಣ. "ಆಪೋಶನ ಆದ ಮ್ಯಾಲ ಎಲಿ ಮ್ಯಾಲಿನ ಅನ್ನ ಬಿಡಬಾರ್ದು ಅಂತ ನೀವ ಹೇಳ್ತಿದ್ರಿ. ಅನ್ನ ಅಂದ್ರ ಬ್ರಹ್ಮ. ಬ್ರಹ್ಮನ್ನ ಬಿಟ್ಟು ಏಳ್ತೀರೇನು?"

ಮಾಸ್ತರರು ಊರ ಕನ್ನಡವನ್ನು ಬಿಟ್ಟರು. ಎದೆಯನ್ನು ಮುಂದಕ್ಕೆ ಮಾಡಿ, ಬಲಗೈಯನ್ನು ಎಲೆಯಿಂದ ಎತ್ತಿ, ಮೂವತ್ತಾರು ವರ್ಷಗಳ ತರಗತಿಗಳು ಮೌನವಾಗುತ್ತಿದ್ದ ಧ್ವನಿಯಲ್ಲಿ ನುಡಿದರು: "ಎಲೈ ಶಿರಸ್ತೇದಾರನೇ, ಕೇಳು. ಸೂರ್ಯನು ಪಶ್ಚಿಮದಲ್ಲಿ ಉದಯಿಸಬಹುದು. ಘಟಪ್ರಭೆಯು ಹಿಂದಕ್ಕೆ ಹರಿಯಬಹುದು. ಗದಾಧರನ ಪಾದದ ಮುಂದೆ ಈ ಬಿಂದುಮಾಧವನ ಬಾಯಿಂದ ಹೊರಟ ಮಾತು ಮಾತ್ರ ಈ ಬಾಯೊಳಗೆ ಮರಳಿ ಬರುವುದಿಲ್ಲ. ನಿನ್ನಂತಹ ನೂರು ಮಂದಿ, ಇದರಂತಹ ಸಾವಿರ ಕಾಯಿಗಳನ್ನು ತಂದರೂ ನನ್ನ ವ್ರತದ ಒಂದು ಕೂದಲೂ ಅಲುಗದು."

"ದೊಡ್ಡಪ್ಪ ಗ್ರಾಂಥಿಕಕ್ಕ ಹತ್ತಿದ್ರು," ಎಂದಳು ಮಧುಮತಿ ಗಂಡನಿಗೆ. "ಇನ್ನ ಭಕ್ರಿ ಆರ್ತದ, ನೀವು ಉಣ್ರಿ."

ಪಲ್ಲಣ್ಣನವರು ಹಿಂಜರಿಯಲಿಲ್ಲ. ಒಂದು ತುತ್ತು ಉಂಡು, ಕಣ್ಣು ಅರೆಮುಚ್ಚಿ, ರುಚಿಯನ್ನು ಮುಖದ ಮೇಲೆ ಪತಾಕೆಯಂತೆ ಹಾರಿಸಿ, ಆಮೇಲೆ ವಾದಕ್ಕೆ ಇಳಿದರು. "ಕಾಯ್ದೆ ಪ್ರಕಾರ ಮಾತಾಡೋಣ. ನೀವು ಬಿಟ್ಟದ್ದು ಎಲ್ಲಿ? ಗಯಾದಾಗ. ಗಯಾದ ಬದನಿಕಾಯಿ ನಾನೂ ನೋಡೀನಿ, ಒಂದೊಂದು ತಂಬಿಗಿಯಷ್ಟು ಇರ್ತದ. ಆ ಪಂಡಾ ತಿಳಕೊಂಡದ್ದೂ ಅದನ್ನ. ಇದು ನಮ್ಮ ನದಿ ದಂಡಿ ಮ್ಯಾಲಿಂದು. ಜಾತಿ ಬ್ಯಾರೆ, ಹದ್ದು ಬ್ಯಾರೆ. ಗಯಾದ ಹುಕುಂ ಬಾಗಲಕೋಟಿಗೆ ಲಾಗೂ ಆಗೂದಿಲ್ಲ."

"ದೇವರಿಗೆ ಹದ್ದು ಅದ ಏನು?" ಎಂದರು ಮಾಸ್ತರರು. ಸಿಟ್ಟು ಇಳಿದಿದ್ದರಿಂದ ಭಾಷೆಯೂ ಇಳಿದಿತ್ತು. ಅದು ಒಳ್ಳೆಯ ಲಕ್ಷಣವಾಗಿರಲಿಲ್ಲ.

"ಇರ್ಲಿ. ದೇವರಿಗೆ ಇಲ್ಲ ಅಂತ ಇಟ್ಕೊಳ್ರಿ. ನೀವು ಏನು ಬಿಟ್ರಿ? ಕಾಯಿ. ಹೂರಣ ಬಿಟ್ಟೀರೇನು? ಗುರೆಳ್ಳು ಬಿಟ್ಟೀರೇನು? ಶೇಂಗಾ ಬಿಟ್ಟೀರೇನು? ಕಾಯಿ ಹಂಗ ಬಾಜೂಕ ಇಡ್ರಿ. ಒಳಗಿಂದಷ್ಟ ತಗೀರಿ, ಭಕ್ರಿಗೆ ಹಚ್ರಿ. ನಿಮ್ಮ ಮಾತಿಗೆ ಮಾತು ಉಳೀತು. ನಮ್ಮ ಸುಭದ್ರಾ ವೈನಿ ಹೂರಣಕ್ಕ ಹೂರಣ ಉಂಡಂಗಾತು."

ಓದುಗರೇ, ಈ ಬಾಣವು ಮರ್ಮಕ್ಕೆ ತಾಗಿತು. ಗುರೆಳ್ಳನ್ನು ಅವರು ಬಿಟ್ಟಿರಲಿಲ್ಲ. ಶೇಂಗಾವನ್ನು ಬಿಟ್ಟಿರಲಿಲ್ಲ. ಪಂಡಾ ಹೂರಣದ ಸುದ್ದಿ ಎತ್ತಿರಲಿಲ್ಲ. ಅವರ ಬಲಗೈಯ ತೋರುಬೆರಳು, ಯಾರ ಆಜ್ಞೆಗೂ ಕಾಯದೆ, ಎಲೆಯ ಮೇಲೆ ಒಂದು ಅಂಗುಲ ಮುಂದೆ ಸರಿಯಿತು. ಸೀಳಿದ ಕಾಯಿಯೊಳಗಿಂದ ಕಪ್ಪಗಿನ ಹೂರಣ ಇಣುಕುತ್ತಿತ್ತು. ಒಂದು ಸಲ, ಒಂದು ಸಾಸಿವೆಯಷ್ಟು, ನಾಲಗೆಯ ತುದಿಗೆ. ಆಕೆ ಅದರಲ್ಲಿ ಇದ್ದರೂ ಇರಬಹುದು. ಬೆರಳು ಇನ್ನೊಂದು ಅಂಗುಲ ಸರಿಯಿತು. ಮೂರು ಲೋಕಗಳು ಉಸಿರು ಬಿಗಿಹಿಡಿದವು. ಅಳಿಯನು ನೀರು ಕುಡಿದನು.

ಆಗ ಅಡುಗೆಮನೆಯಿಂದ ಸಿಂಧಕ್ಕ ಒಂದು ಸ್ಟೀಲಿನ ಲೋಟವನ್ನು ಹಿಡಿದುಕೊಂಡು ಬಂದಳು. ಲೋಟವನ್ನು ಗಂಡನ ಎಲೆಯ ಪಕ್ಕದಲ್ಲಿ ಇಟ್ಟಳು. ಅದರಲ್ಲಿ ಹಸಿರಾದ ದ್ರವವಿತ್ತು.

"ಊಟಕ್ಕ ಮೊದಲ ಕೊಡೂದಿತ್ತು, ಗಡಿಬಿಡ್ಯಾಗ ಮರ್ತೆ," ಎಂದಳು. "ಕುಡೀರಿ."

ಪಲ್ಲಣ್ಣನವರ ಮುಖದ ಪತಾಕೆ ಇಳಿಯಿತು. ಅದು ಹಾಗಲಕಾಯಿಯ ರಸ. ರಕ್ತದ ಸಕ್ಕರೆ ಮುನ್ನೂರು ದಾಟಿದೆ, ದಿನಾಲು ಇದನ್ನು ಕುಡಿಯಿರಿ ಎಂದು ಡಾಕ್ಟರರು ಹೇಳಿ ಎರಡು ವಾರವಾಗಿತ್ತು. ಎರಡು ವಾರದಿಂದ ಅವರು ಕುಡಿದಿರಲಿಲ್ಲ. ಕಾರಣವೇನೆಂದರೆ, ಅದೇ ಅಕ್ಷಯವಟದ ಬುಡದಲ್ಲಿ, ಮಾಸ್ತರರ ಸರದಿ ಮುಗಿದು ತಮ್ಮ ಸರದಿ ಬಂದಾಗ, ಪಲ್ಲಣ್ಣನವರು ಬಹಳ ಭಕ್ತಿಯಿಂದ ಕೈಮುಗಿದು ತಮಗೆ ಪ್ರಿಯವಾದದ್ದೆಂದು ಹಾಗಲಕಾಯಿಯನ್ನು ಬಿಟ್ಟಿದ್ದರು. ಹುಟ್ಟಿದಾಗಿನಿಂದ ಅವರು ಅದನ್ನು ತಿಂದದ್ದನ್ನು ಯಾರೂ ನೋಡಿರಲಿಲ್ಲ.

"ಗಯಾದಾಗ ಬಿಟ್ಟೀನಿ ಅಂತ ಹೇಳೀನಲ್ಲ," ಎಂದರು.

"ಗಯಾದ್ದು ಬಿಟ್ಟೀರಿ. ಇದು ನಮ್ಮ ಹಿತ್ತಲದ್ದು. ಹದ್ದು ಬ್ಯಾರೆ."

"ಸಿಂಧೂ—"

"ಮ್ಯಾಲ ಇದು ಕಾಯಿ ಅಲ್ಲ. ಕಾಯಿ ಬಾಜೂಕ ಇಟ್ಟೀನಿ. ಇದು ಬರೇ ರಸ. ನೀವು ರಸ ಬಿಟ್ಟೀರೇನು?"

ಮಧುಮತಿಯ ಗಂಡನಿಗೆ ನೀರು ನೆತ್ತಿಗೇರಿತು. ಮಧುಮತಿ ಅವನ ಬೆನ್ನು ತಟ್ಟುತ್ತ, "ಅಡಿಗಿಮನ್ಯಾಗಿಂದ ಎಲ್ಲಾ ಕೇಳಸ್ತದ ಅಪ್ಪಾ," ಎಂದಳು.

ಮಾಸ್ತರರ ಬೆರಳು ನಿಂತಲ್ಲಿ ನಿಂತಿತ್ತು. ಅವರು ನಿಧಾನವಾಗಿ ಷಡ್ಡಕರ ಕಡೆಗೆ ತಿರುಗಿದರು. "ಪಲ್ಲಣ್ಣಾ, ನಿಮ್ಮ ಕಾಯ್ದೆ ನನಗ ಒಪ್ಪಿಗಿ ಆತು. ನೀವು ಲೋಟಾ ಎತ್ರಿ, ನಾ ಹೂರಣ ಎತ್ತೀನಿ. ಇಬ್ಬರಿಗೂ ಒಂದ ತೀರ್ಪು. ಹಿರಿಯರು ನೀವು ಮೊದಲು."

"ಹಿರಿಯರು ನೀವರಿ."

"ವಾದ ಹೂಡಿದವರು ನೀವು."

ಪಲ್ಲಣ್ಣನವರು ಲೋಟವನ್ನು ನೋಡಿದರು. ಲೋಟವು ಅವರನ್ನು ನೋಡಿತು. ನಲವತ್ತು ವರ್ಷಗಳಲ್ಲಿ ಎಷ್ಟೋ ಖಟ್ಲೆಗಳು ಒಂದು ಕ್ಷಣದಲ್ಲಿ ಮಗುಚಿ ಬಿದ್ದದ್ದನ್ನು ಅವರು ಕಂಡಿದ್ದರು. ತಮ್ಮದೇ ಮಗುಚಿದ್ದು ಇದೇ ಮೊದಲು. ಅವರು ಶಲ್ಯವನ್ನು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಇಡೀ ಪಡಸಾಲೆಗೆ ಕೇಳುವಂತೆ ಹೇಳಿದರು: "ದೇವರಿಗೆ ಕೊಟ್ಟ ಮಾತಂದ್ರ ಮಾತು. ಅದರಾಗ ಹದ್ದು ಇಲ್ಲ, ಹೂರಣ ಇಲ್ಲ, ರಸ ಇಲ್ಲ. ಮಾಸ್ತರ, ಬೆರಳು ಹಿಂದಕ್ಕ ತಗೀರಿ. ನಿಮ್ಮ ವ್ರತ ಕೆಡಸಬ್ಯಾಡ್ರಿ."

ಮಾಸ್ತರರು ಬೆರಳನ್ನು ಹಿಂದಕ್ಕೆ ತೆಗೆದರು. ಸಿಂಧಕ್ಕ ಲೋಟವನ್ನು ತೆಗೆಯಲಿಲ್ಲ.

ಇಲ್ಲಿಗೆ ಯುದ್ಧ ಮುಗಿಯಿತೆಂದು ತಿಳಿದವರು ಯುದ್ಧಗಳನ್ನು ಅರಿಯದವರು. ಮಧುಮತಿ ಎರಡು ತುತ್ತು ಉಂಡಿದ್ದಳು. ಮೂರನೆಯದನ್ನು ಕೈಯಲ್ಲಿಯೇ ಹಿಡಿದಿದ್ದಳು. "ಅವ್ವಾ, ಛಲೋ ಆಗ್ಯದ. ಆದ್ರ ದೊಡ್ಡವ್ವಂದ ಹಂಗ ಇಲ್ಲ. ಏನೋ ಒಂದು ಕಡಿಮಿ ಅದ," ಎಂದಳು. ಬಸುರಿಯ ಬಯಕೆ ಅರ್ಧಕ್ಕೆ ನಿಂತಿತು. ಸಿಂಧಕ್ಕನ ಮುಖ ಸಣ್ಣದಾಯಿತು. ಅವಳು ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಮಾಸ್ತರರ ಎಲೆಯ ಮುಂದೆ ಬಂದು ಕುಳಿತಳು. ಅವಳ ಬಳಿ ಕಾಯ್ದೆಯಿರಲಿಲ್ಲ.

"ಭಾವಾ," ಎಂದಳು, "ನಿಮ್ಮ ಮಾತು ಮುರೀರಿ ಅಂತ ನಾ ಹೇಳೂದಿಲ್ಲ. ಆದ್ರ ಅಕ್ಕನ ಕೈ ನನಗ ಬಂದದೋ ಇಲ್ಲೋ ಹೇಳಾವ್ರು ನಿಮ್ಮನ್ನ ಬಿಟ್ರ ಇನ್ನ್ಯಾರೂ ಉಳದಿಲ್ಲ."

ಮಾಸ್ತರರು ಎಲೆಯ ಮೇಲಿನ ಎರಡು ಕಾಯಿಗಳನ್ನು ನೋಡಿದರು. ತೊಟ್ಟು ಮುರಿದಿರಲಿಲ್ಲ. ಎಣ್ಣೆ ಮೇಲೆ ಬಂದಿತ್ತು. ತಿಂದರೆ ತಿಳಿಯುತ್ತದೆ. ಆದರೆ ತಿಂದರೆ, ಇದು ಆಕೆಯದರಂತೆ ಇದ್ದರೂ, ಇಲ್ಲದಿದ್ದರೂ, ನಾಳೆಯಿಂದ ನಾಲಗೆ ನೆನೆಯುವುದು ಇದನ್ನೇ. ತಿನ್ನದಿದ್ದರೆ ಈ ಹೆಣ್ಣುಮಗಳು ಕೇಳಿದ ಒಂದೇ ಒಂದು ಮಾತಿಗೆ ಉತ್ತರವಿಲ್ಲ. ಗದಾಧರನು ಅಷ್ಟು ದೂರದ ಗಯೆಯಲ್ಲಿ ಯಾವ ಸಹಾಯವನ್ನೂ ಕಳಿಸದೆ ನಿಂತಿದ್ದನು.

ಅವರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಹಾಗೆಯೇ ಮುಂದಕ್ಕೆ ಬಾಗಿದರು. ಮೂಗು ಎಣ್ಣೆಗಾಯಿಯ ಮೇಲೆ ಎರಡು ಬೆರಳಿನ ಅಂತರದಲ್ಲಿ ನಿಂತಿತು. ಪಲ್ಲಣ್ಣನವರು ಆಕ್ಷೇಪಣೆ ಎತ್ತಲು ಬಾಯಿ ತೆರೆದರು; ಸಿಂಧಕ್ಕ ತಿರುಗಿ ನೋಡದೆಯೇ ಲೋಟವನ್ನು ಅವರ ಕಡೆಗೆ ಸರಿಸಿದಳು; ಅವರು ಬಾಯಿ ಮುಚ್ಚಿದರು. ಮಾಸ್ತರರು ಕಣ್ಣು ಮುಚ್ಚಿ ದೀರ್ಘವಾಗಿ ಒಂದು ಸಲ ಉಸಿರೆಳೆದುಕೊಂಡರು. ಬಹಳ ಹೊತ್ತು ಅದನ್ನು ಬಿಡಲಿಲ್ಲ.

"ಉಪ್ಪು ಒಂದು ಚೂರು ಕಡಿಮಿ," ಎಂದರು.

ಸಿಂಧಕ್ಕ ಅವರನ್ನೇ ನೋಡಿದಳು. "ವಾಸನಿಗೆ ಉಪ್ಪು ತಿಳೀತದೇನ್ರಿ?"

"ನಿಮ್ಮಕ್ಕಗ ನಾ ಬರೇ ಬಣ್ಣ ನೋಡಿ ಹೇಳ್ತಿದ್ದೆ."

"ಗೊತ್ತದ. ಮೂವತ್ತೆಂಟು ವರ್ಷ ಇದೊಂದ ಮಾತು ಅಂದೀರಿ ಅಂತ ಅಕ್ಕ ಹೇಳ್ತಿದ್ಳು. ಎಂದೂ ಉಪ್ಪು ಕಡಿಮಿ ಇರ್ತಿದ್ದಿಲ್ಲಂತ. ಬ್ಯಾರೆ ಮಂದಿ ಮನ್ಯಾಗ ಮಾತ್ರ ಛಲೋ ಆಗ್ಯದ ಅಂತ ಸುಮ್ನ ಉಂಡು ಬರ್ತಿದ್ರಂತ." ಅವಳು ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿ ನಕ್ಕಳು. "ಹಂಗಾದ್ರ ಬಂದದ."

"ನಾ ಉಪ್ಪಿನ ಮಾತಷ್ಟ ಹೇಳೀನಿ," ಎಂದರು ಮಾಸ್ತರರು, ನೆಟ್ಟಗೆ ಕುಳಿತು.

ಮಧುಮತಿ ಎಲೆಯ ತುದಿಯ ಉಪ್ಪನ್ನು ಚಿಟಿಕೆಯಷ್ಟು ತೆಗೆದು ಹೂರಣದ ಮೇಲೆ ಉದುರಿಸಿ ತುತ್ತನ್ನು ಬಾಯಿಗಿಟ್ಟಳು. ಅಗಿದಳು. ತಾಯಿಯ ಕಡೆಗೆ ಎಲೆಯನ್ನು ಸರಿಸಿ, ಇನ್ನೆರಡು ಬಡಿಸೆಂದು ಬೆರಳು ತೋರಿಸಿದಳು. ಅಂದು ಉಪ್ಪು ನಿಜವಾಗಿಯೂ ಕಡಿಮೆಯಾಗಿತ್ತು. ಮೂರು ಕಾಯಿ ಮುಗಿಸಿದ್ದ ಪಲ್ಲಣ್ಣನವರು, ತಮಗೆ ಮೊದಲೇ ಅನಿಸಿತ್ತೆಂದು ಹೇಳಿ ಉಪ್ಪಿನ ಬಟ್ಟಲನ್ನು ಈ ಕಡೆಗೆ ಕೊಡಲು ಕೇಳಿದರು.

ಹೀಗೆ ಮುಗಿದ ಆ ಘೋರಸಮರದಲ್ಲಿ ಆದ ನಷ್ಟವನ್ನು ಹೇಳಿ ನಾನೂ ಕೈತೊಳೆಯುತ್ತೇನೆ. ಮಾತಿನ ಗದ್ದಲದಲ್ಲಿ ಎಲೆಯ ಮೇಲೆ ಹರಿದ ಎಣ್ಣೆಯು ಮಾಸ್ತರರ ಭಕ್ಕರಿಯ ಅಂಚಿಗೆ ತಾಗಿತ್ತು. ಅವರು ಅಷ್ಟನ್ನು, ಎರಡು ಬೆರಳಿನಗಲ, ಹರಿದು ಕಾಯಿಗಳ ಪಕ್ಕದಲ್ಲಿ ಇಟ್ಟರು. ಉಳಿದದ್ದನ್ನು ಮೊಸರಿನಲ್ಲಿ ಅದ್ದಿಕೊಂಡು ಉಂಡರು. ಮೊಸರು ಸ್ವಲ್ಪ ಹುಳಿಯಾಗಿತ್ತು.